ಒಂದು ನೋಟು, ಒಂದು ಪಾವತಿ

ಅಕ್ಕಿಆಲೂರಿನ ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನದೊಂದು ತಗಡಿನ ಟ್ರಂಕು ಇದೆ. 2021ರ ಅಕ್ಟೋಬರಿನಲ್ಲಿ ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯ ಬರೆದು ಮುಗಿಸೋಣವೆಂದು ಊರಿಗೆ ಬಂದಿದ್ದೆ. ಬರೆಯಲಾಗದ ಒಂದು ಮಧ್ಯಾಹ್ನ ಆ ಟ್ರಂಕನ್ನು ಕೆಳಗಿಳಿಸಿದೆ. ಹೊಲದ ಉತಾರ, ಸೊಸೈಟಿ ಸಾಲದ ಪುಸ್ತಕ, ಹಳೆಯ ಲಗ್ನಪತ್ರಿಕೆಗಳ ಕೆಳಗೆ ದಾರ ಕಟ್ಟಿದ ಪಾವತಿಗಳ ಕಟ್ಟೊಂದು ಸಿಕ್ಕಿತು. ನಮ್ಮ ಕಡೆ ರಸೀದಿಗೆ ಪಾವತಿ ಎನ್ನುತ್ತೇವೆ. ಜಾತ್ರೆಯ ಪಟ್ಟಿ ಕೊಟ್ಟದ್ದು, ಸಾಲಿ ಕಟ್ಟಡಕ್ಕೆ ಕೊಟ್ಟದ್ದು, ಭಜನಿ ಮೇಳಕ್ಕೆ ಕೊಟ್ಟದ್ದು. ಅವುಗಳ ನಡುವೆ ಹಸಿರು ಶಾಯಿಯ ಒಂದು ಚೀಟಿ: ರೈತ ಸಂಘ, ಐದು ರೂಪಾಯಿ.

ಇವನ್ನೆಲ್ಲ ಯಾಕೆ ಇಟ್ಟಿದ್ದೀ ಎಂದು ಅಜ್ಜನನ್ನು ಕೇಳಿದೆ.

"ಕೊಟ್ಟಿದ್ದಕ್ಕ ಪಾವತಿ ಇರಬೇಕ ಯವ್ವಾ. ನಾಳೆ ಲೆಕ್ಕ ಕೇಳಾಕ ಬೇಕಲ್ಲ?"

ಹೊರಗೆ ರಸ್ತೆಯಲ್ಲಿ ಮೈಕು ಕಟ್ಟಿದ ಆಟೋಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಶಾಸಕ ಸಿ.ಎಂ. ಉದಾಸಿಯವರು ತೀರಿಕೊಂಡದ್ದರಿಂದ ಹಾನಗಲ್ಲ ಕ್ಷೇತ್ರಕ್ಕೆ ಅಕ್ಟೋಬರ್ 30ರಂದು ಉಪಚುನಾವಣೆ ಇತ್ತು. ಪಕ್ಕದ ಶಿಗ್ಗಾವಿಯ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಮೂರು ತಿಂಗಳಾಗಿತ್ತಷ್ಟೆ. ಹೀಗಾಗಿ ಇಡೀ ರಾಜ್ಯದ ಕಣ್ಣು ನಮ್ಮ ತಾಲ್ಲೂಕಿನ ಮೇಲಿತ್ತು. ಸಂಜೆ ಕಟ್ಟೆಗೆ ಬಂದು ಕೂತ ಪಕ್ಕದ ಮನೆಯ ಚಿಗವ್ವ ಕೇಳಿದ್ದು ಯಾರು ಗೆಲ್ಲುತ್ತಾರೆ ಎಂದಲ್ಲ. "ಈ ಸಲ ಎಷ್ಟ ಬರಬಹುದು?" ಎಂದು. ಅದರಲ್ಲಿ ಸಂಕೋಚವೂ ಇರಲಿಲ್ಲ, ಆಸೆಬುರುಕತನವೂ ಇರಲಿಲ್ಲ. ಮಳೆ ಎಷ್ಟು ಬರಬಹುದು ಎಂದು ಕೇಳುವ ಹಾಗಿತ್ತು.

ಒಂದೇ ಮನೆಯ ಅಂಗಳದಲ್ಲಿ ಅರ್ಧ ದಿನದ ಅಂತರದಲ್ಲಿ ಕೇಳಿದ ಈ ಎರಡು ಮಾತುಗಳು ನನ್ನನ್ನು ಬಿಡಲಿಲ್ಲ. ಒಂದು ಕಾಲಕ್ಕೆ ಜನರಿಂದ ಪಕ್ಷದ ಕಡೆಗೆ ಹರಿಯುತ್ತಿದ್ದ ಹಣ ಪಕ್ಷದಿಂದ ಜನರ ಕಡೆಗೆ ಹರಿಯತೊಡಗಿದ್ದು ಹೇಗೆ? ದಿಕ್ಕು ತಿರುಗಿದಾಗ ನಾವು ಕಳೆದುಕೊಂಡದ್ದೇನು?

ನಾನು ಓದುತ್ತಿರುವುದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯ ಸಾರ್ವಜನಿಕ ಬದುಕಿನ ಬಗ್ಗೆ. ಹಾನಗಲ್ಲ, ಸವಣೂರು, ಹಿರೇಕೆರೂರುಗಳೆಲ್ಲ 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೂ ಧಾರವಾಡಕ್ಕೇ ಸೇರಿದ್ದವು. ಆ ಕಡತಗಳಿಂದ ನೋಡಿದರೆ ಕಥೆ 1920ರ ಡಿಸೆಂಬರಿನ ನಾಗಪುರ ಕಾಂಗ್ರೆಸ್ಸಿನಿಂದ ಶುರುವಾಗುತ್ತದೆ. ಅಲ್ಲಿಯವರೆಗೆ ಕಾಂಗ್ರೆಸ್ ಎಂದರೆ ವರ್ಷಕ್ಕೊಮ್ಮೆ ಸೇರುವ ವಕೀಲರ, ದೊಡ್ಡವರ ಸಭೆ. ನಾಗಪುರದಲ್ಲಿ ಅದು ಪಕ್ಷದ ರೂಪ ತಾಳಿತು. ಭಾಷೆಗೊಂದು ಪ್ರಾಂತ ಸಮಿತಿ, ಅದರ ಕೆಳಗೆ ಜಿಲ್ಲೆ, ತಾಲ್ಲೂಕು, ಊರಿನ ಸಮಿತಿಗಳು. ಹಲವು ಕಡೆ ಹಂಚಿಹೋಗಿದ್ದ ಕನ್ನಡಿಗರಿಗೆ ಕರ್ನಾಟಕ ಎಂಬ ರಾಜ್ಯ ಸಿಗುವ ಮೂರೂವರೆ ದಶಕ ಮೊದಲೇ ಕರ್ನಾಟಕ ಎಂಬ ಕಾಂಗ್ರೆಸ್ ಪ್ರಾಂತ ಸಿಕ್ಕಿತು. ಸದಸ್ಯತ್ವದ ಚಂದಾ ವರ್ಷಕ್ಕೆ ನಾಲ್ಕಾಣೆ.

ನಾಲ್ಕಾಣೆ ಎಂದರೆ ಕಾಲು ರೂಪಾಯಿ. ಕೂಲಿ ಮಾಡುವವರಿಗೆ ಅದು ಸಣ್ಣ ದುಡ್ಡಲ್ಲ, ಆದರೆ ಮನಸ್ಸು ಮಾಡಿದರೆ ಕೊಡಲಾಗದಷ್ಟು ದೊಡ್ಡದೂ ಅಲ್ಲ. 1921ರ ಮಾರ್ಚ್ ಕೊನೆಯಲ್ಲಿ ಬೆಜವಾಡದಲ್ಲಿ ಸೇರಿದ ಕಾಂಗ್ರೆಸ್ ಮಹಾಸಮಿತಿ ಜೂನ್ 30ರೊಳಗೆ ಮೂರು ಕೆಲಸ ಆಗಬೇಕೆಂದು ಗೊತ್ತುಪಡಿಸಿತು: ತಿಲಕ್ ಸ್ವರಾಜ್ಯ ನಿಧಿಗೆ 1 ಕೋಟಿ ರೂಪಾಯಿ, 1 ಕೋಟಿ ಸದಸ್ಯರು, 20 ಲಕ್ಷ ಚರಕ. ನಿಧಿಯ ಗುರಿ ಮುಟ್ಟಿತು. ಅದರ ದೊಡ್ಡ ಪಾಲು ಮುಂಬಯಿಯ ವರ್ತಕರಿಂದ ಬಂತು ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಆಗಲೂ ದೊಡ್ಡ ದುಡ್ಡು ದೊಡ್ಡವರದೇ. ಆದರೆ ಅದರ ಪಕ್ಕದಲ್ಲಿ ನಾಲ್ಕಾಣೆಯ ಪುಸ್ತಕವೂ ತೆರೆದಿತ್ತು, ಅದರಲ್ಲಿ ಯಾರು ಬೇಕಾದರೂ ಹೆಸರು ಬರೆಸಬಹುದಿತ್ತು.

ಪುಸ್ತಕ ಹಿಡಿದು ಊರೂರು ತಿರುಗುವವರು ಬೇಕಲ್ಲ? ಆ ಕೆಲಸಕ್ಕೆ ಇಡೀ ದೇಶಕ್ಕೇ ಮಾದರಿಯಾದದ್ದು ನಮ್ಮ ಹುಬ್ಬಳ್ಳಿ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಅನೇಕರು ಕಷ್ಟ ತಾಳಲಾರದೆ ಕ್ಷಮೆ ಬರೆದುಕೊಟ್ಟು ಹೊರಬಂದರು. ಡಾ. ನಾ.ಸು. ಹರ್ಡೀಕರರ ಹುಬ್ಬಳ್ಳಿ ತಂಡದವರು ಬರೆದುಕೊಡಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದ ಹೊತ್ತಿನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಹರ್ಡೀಕರರು ಅಮೆರಿಕದಲ್ಲಿ ಓದಿ ಬಂದ ವೈದ್ಯರು. ಹುಮ್ಮಸ್ಸೊಂದನ್ನೇ ನಂಬಿದರೆ ಸ್ವಯಂಸೇವಕರು ಉಳಿಯುವುದಿಲ್ಲ, ಅವರಿಗೆ ಕವಾಯತು ಬೇಕು, ಶಿಬಿರ ಬೇಕು, ಶಿಸ್ತು ಬೇಕು ಎಂಬುದು ಅವರ ದಳದ ತಿಳಿವಳಿಕೆಯಾಗಿತ್ತು.

ಅದರ ಪರೀಕ್ಷೆ ನಡೆದದ್ದು 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳ್ತನದಲ್ಲಿ ವಿಜಯನಗರ ಎಂಬ ಊರೇ ಎದ್ದಿತು. ನೀರಿಗೆಂದು ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟರು. ಹರ್ಡೀಕರರ ಸ್ವಯಂಸೇವಕರ ಜೊತೆಗೆ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಸ್ವಯಂಸೇವಕಿಯರ ಪಡೆಯನ್ನು ಕಟ್ಟಿ ತಂದರು. ಮನೆಯ ಹೊಸ್ತಿಲು ದಾಟದಿದ್ದ ಹೆಣ್ಣುಮಕ್ಕಳನ್ನು, ವಿಧವೆಯರನ್ನು, ಸಾವಿರಾರು ಗಂಡಸರು ಸೇರುವ ಜಾಗಕ್ಕೆ ಕೆಲಸಕ್ಕೆಂದು ಕಳಿಸಿಕೊಡಲು ಮನೆಮನೆಯವರನ್ನು ಒಪ್ಪಿಸಿದ ಬಗೆಯನ್ನು ಊಹಿಸಿಕೊಂಡರೆ, ದುಡ್ಡು ಎತ್ತುವುದಕ್ಕಿಂತ ಜನ ಎತ್ತುವುದು ಎಷ್ಟು ಕಠಿಣ ಎನ್ನುವುದು ತಿಳಿಯುತ್ತದೆ. ಸ್ವಾಗತ ಗೀತೆ ಹಾಡಿದ ಮಕ್ಕಳಲ್ಲಿ ಒಬ್ಬಳು ನಮ್ಮ ತಾಲ್ಲೂಕಿನ ಊರನ್ನೇ ಹೆಸರಿನಲ್ಲಿ ಹೊತ್ತ ಗಂಗೂಬಾಯಿ ಹಾನಗಲ್. ತಮಗೆಂದು ಸಾದಾ ಗುಡಿಸಲು ಕಟ್ಟಬಹುದಿತ್ತು, ಖಾದಿಯ ಅರಮನೆಯನ್ನೇ ಕಟ್ಟಿದ್ದಾರೆ ಎಂದು ಗಾಂಧೀಜಿ ಆಕ್ಷೇಪಿಸಿದರು. ಖರ್ಚು ತಗ್ಗಿಸಬೇಕು, ಪ್ರತಿನಿಧಿ ಶುಲ್ಕವನ್ನು 10 ರೂಪಾಯಿಯಿಂದ 1 ರೂಪಾಯಿಗೆ ಇಳಿಸಬೇಕು ಎಂದು ಸೂಚಿಸಿದರು. ಬಾಗಿಲು ಅಗಲವಾಗಬೇಕಾದರೆ ಒಳಗಿನ ಡೌಲು ಕಡಿಮೆಯಾಗಬೇಕು ಎನ್ನುವ ಸರಳ ಲೆಕ್ಕ ಅದು.

ಆದರೆ ಅದು ಚಳವಳಿಯ ಕಾಲ. ವಯಸ್ಕರೆಲ್ಲರಿಗೂ ಮತ ಬಂದ 1952ರಲ್ಲಿ ಈ ನಾಲ್ಕಾಣೆಯ ಸಂಪ್ರದಾಯ ಏನಾಯಿತು? ಉತ್ತರ ಹುಡುಕಲು ನಮ್ಮೂರಿಂದ ದಕ್ಷಿಣಕ್ಕೆ, ಅಂದಿನ ಮೈಸೂರು ರಾಜ್ಯದ ಸಾಗರದ ಕಡೆ ನಡೆಯಬೇಕು.

ಶಾಂತವೇರಿ ಗೋಪಾಲಗೌಡರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ನನ್ನ ವಯಸ್ಸಿನವರು. ಸಮಾಜವಾದಿ ಪಕ್ಷದಿಂದ ಸಾಗರ-ಹೊಸನಗರ ಕ್ಷೇತ್ರಕ್ಕೆ ನಿಂತರು. ಠೇವಣಿಯೇ 250 ರೂಪಾಯಿ. ಕೈಯಲ್ಲಿ ಕಾಸಿಲ್ಲ, ಎದುರಿಗೆ ಕಾಂಗ್ರೆಸ್ಸಿನ ಪ್ರಬಲ ಅಭ್ಯರ್ಥಿ. ಅವರು ಜನರ ಮುಂದೆ ಇಟ್ಟ ಬೇಡಿಕೆ ಕರ್ನಾಟಕದ ರಾಜಕೀಯದಲ್ಲಿ ಗಾದೆಯಾಗಿ ಉಳಿಯಿತು: ಒಂದು ಓಟು, ಒಂದು ನೋಟು. ಜನ ಎರಡನ್ನೂ ಕೊಟ್ಟರು. ಒಟ್ಟು 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ ಗೆದ್ದುಕೊಂಡ ಆ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆ ತಲುಪಿದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಅದರ ಹಿಂದಿನ ವರ್ಷವನ್ನು ನೋಡದಿದ್ದರೆ ಅದು ಅರ್ಥವಾಗುವುದಿಲ್ಲ. 1951ರ ಏಪ್ರಿಲಿನಲ್ಲಿ ಸಾಗರದ ಬಳಿಯ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ್ದೇ ತಕರಾರು. ಒಡೆಯರ ಕೊಳಗ ದೊಡ್ಡದು, ಪ್ರತಿ ಅಳತೆಯಲ್ಲೂ ಒಕ್ಕಲಿನ ಭತ್ತ ಜಾಸ್ತಿ ಹೋಗುತ್ತಿತ್ತು. ಒಕ್ಕಲೆಬ್ಬಿಸಿದ ಹೊಲಕ್ಕೆ ನೇಗಿಲು ಹಿಡಿದು ಇಳಿದು ಜನ ಸಾಲುಸಾಲಾಗಿ ಬಂಧನಕ್ಕೊಳಗಾದರು. ಹೆಚ್. ಗಣಪತಿಯಪ್ಪನವರ ರೈತ ಸಂಘ ಮುಂದೆ ನಿಂತಿತು, ಸಮಾಜವಾದಿಗಳು ಜೊತೆಯಾದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಅಂದರೆ 1952ರಲ್ಲಿ ಗೋಪಾಲಗೌಡರ ಪರವಾಗಿ ಮನೆಮನೆಗೆ ನಡೆದವರನ್ನು ಚುನಾವಣೆಗೆಂದು ಕಲೆಹಾಕಬೇಕಿರಲಿಲ್ಲ. ಅವರು ಜೈಲಿನಲ್ಲಿ ತಯಾರಾಗಿದ್ದರು. ನೋಟು ಕೊಟ್ಟ ಕೈಗೂ ಅಳತೆಯ ಮೋಸ ಏನೆಂದು ಗೊತ್ತಿತ್ತು.

ಆ ಘೋಷಣೆ ಮಂತ್ರವೇನೂ ಆಗಿರಲಿಲ್ಲ. 1957ರಲ್ಲಿ ಗೋಪಾಲಗೌಡರು ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಅವರ ಬದುಕಿನ ನೆರಳಿರುವ ಅನಂತಮೂರ್ತಿಯವರ 'ಅವಸ್ಥೆ'ಯನ್ನು ಓದಿದವರಿಗೆ, ಹಣವಿಲ್ಲದ ರಾಜಕಾರಣಿಯ ಸುತ್ತ ಹಣ ಹೇಗೆ ಸುಳಿದಾಡುತ್ತದೆ ಎನ್ನುವುದನ್ನು ಹೇಳಬೇಕಾಗಿಲ್ಲ.

ಇನ್ನು ಅಜ್ಜನ ಹಸಿರು ಶಾಯಿಯ ಚೀಟಿಗೆ ಬರುತ್ತೇನೆ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ನರಗುಂದ, ನವಲಗುಂದದ ರೈತರ ಮೇಲೆ ಗೋಲಿಬಾರ್ ಆಯಿತು. ಆ ಬೆಂಕಿಯ ನಡುವೆ ಹೆಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ರಾಜ್ಯ ರೈತ ಸಂಘ ಬೆಳೆಯಿತು. ಅಜ್ಜ ಬೆಂಗಳೂರಿನ ಒಂದು ಮೆರವಣಿಗೆಗೆ ಹೋಗಿದ್ದನ್ನು ಈಗಲೂ ಹೇಳುತ್ತಾನೆ. ಲಾರಿಗೆ ಎಲ್ಲರೂ ಕೂಡಿ ದುಡ್ಡು ಹಾಕಿದರು, ಹೆಗಲಿಗೆ ಹಸಿರು ಶಾಲು, ಕೈಯಲ್ಲಿ ಮೂರು ದಿನಕ್ಕಾಗುವ ರೊಟ್ಟಿಬುತ್ತಿ. "ನಮ್ಮನ್ನ ಯಾರೂ ಕರಕೊಂಡ ಹೋಗಿರಲಿಲ್ಲ. ನಾವ ಹೋಗಿದ್ವಿ" ಎನ್ನುತ್ತಾನೆ. ಕರ್ತೃ ಯಾರು ಎನ್ನುವ ವ್ಯಾಕರಣದ ಪಾಠವನ್ನು ನಾನು ಇಷ್ಟು ಸ್ಪಷ್ಟವಾಗಿ ತರಗತಿಯಲ್ಲಿ ಕೇಳಿಲ್ಲ.

ಬೀದಿಯಲ್ಲಿ ಇಷ್ಟು ಬಲವಿದ್ದ ಸಂಘ ಮತಪೆಟ್ಟಿಗೆಯಲ್ಲಿ ಪಡೆದದ್ದು ಕಡಿಮೆ. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡನ್ನೂ ಗೆದ್ದರು. ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಿಂದ ನಂಜುಂಡಸ್ವಾಮಿಯವರು ಉಪಚುನಾವಣೆಯಲ್ಲಿ ಆಯ್ಕೆಯಾದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ. ಹೋರಾಟಕ್ಕೆ ರೈತರಾಗಿ ಬಂದವರು ಮತಗಟ್ಟೆಗೆ ಜಾತಿಯಾಗಿ, ಪಕ್ಷವಾಗಿ, ಗೌಡರ ಮನೆಯ ಋಣವಾಗಿ ಹೋದರು ಎನ್ನುವುದು ಒಂದು ಕಾರಣ. ಹೊಲವಿಲ್ಲದ ಕೂಲಿಕಾರರಿಗೆ, ದಲಿತರಿಗೆ ಆ ಹಸಿರು ಶಾಲು ತಮ್ಮದೆಂದು ಎಷ್ಟರಮಟ್ಟಿಗೆ ಅನ್ನಿಸಿತ್ತು ಎನ್ನುವ ಪ್ರಶ್ನೆಯೂ ಇದೆ. ವಂತಿಗೆ ಕೊಡಬಲ್ಲವರ ಸಂಘದಲ್ಲಿ ಮಾತೂ ವಂತಿಗೆ ಕೊಡಬಲ್ಲವರದೇ ಆಗಿಬಿಡುವ ಅಪಾಯ ನಾಲ್ಕಾಣೆಯ ಕಾಲದಿಂದಲೂ ಇದ್ದದ್ದೇ. ಅಜ್ಜನ ಕಟ್ಟಿನಲ್ಲಿ ಇರುವ ಪಾವತಿಗಳೆಲ್ಲ ಅಜ್ಜನ ಹೆಸರಿನವು. ಆ ಮೂರು ದಿನದ ರೊಟ್ಟಿ ಬಡಿದ ಅಜ್ಜಿಗೆ ಯಾವ ಸಂಘವೂ ಪಾವತಿ ಹರಿದು ಕೊಟ್ಟಿಲ್ಲ.

ಈ ನಡುವೆ ದೊಡ್ಡ ಹಣದ ದಾರಿ ಕಾನೂನಿನ ಪುಸ್ತಕದಲ್ಲೇ ಅಗಲವಾಗುತ್ತ ಹೋಯಿತು. ಪಕ್ಷ ಮಾಡುವ ಖರ್ಚೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೆಲವೇ ದಿನಗಳಲ್ಲಿ ಕಾಯ್ದೆಯನ್ನು ತಿದ್ದಿ ಅದನ್ನು ಹೊರಗಿಟ್ಟರು. ಕಂಪನಿಗಳ ದೇಣಿಗೆಗೆ 1969ರಲ್ಲಿ ಬಿದ್ದ ತಡೆ 1985ರಲ್ಲಿ ತೆಗೆದುಹೋಯಿತು. 2018ರಲ್ಲಿ ಕೊಟ್ಟವರ ಹೆಸರು ಮತದಾರರಿಗೆ ತಿಳಿಯದ ಚುನಾವಣಾ ಬಾಂಡುಗಳು ಬಂದವು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅವನ್ನು ರದ್ದು ಮಾಡಿತು. ಇಂದು ವಿಧಾನಸಭೆಯ ಅಭ್ಯರ್ಥಿ ಕಾನೂನುಬದ್ಧವಾಗಿಯೇ 40 ಲಕ್ಷ ಖರ್ಚು ಮಾಡಬಹುದು. ಅಷ್ಟು ಹಣ ದೊಡ್ಡ ಕೈಗಳಿಂದ ಬರುವಾಗ ಐದು ರೂಪಾಯಿಗೆ ಪಾವತಿ ಹರಿಯುತ್ತ ಕೂರುವ ವ್ಯವಧಾನ ಯಾರಿಗಿದೆ? ಐದು ರೂಪಾಯಿಯ ಅಗತ್ಯ ಹೋದ ಮೇಲೆ ಐದು ರೂಪಾಯಿ ಕೊಟ್ಟವನ ಅಗತ್ಯವೂ ಹೋಯಿತು. ಉಳಿದದ್ದು ಅವನ ಮತವೊಂದೇ. ಅದಕ್ಕೆ ಬೆಲೆ ಕಟ್ಟಿದರೆ ಸಾಕಾಯಿತು. ಸ್ವಯಂಸೇವಕ ಎಂಬ ಮಾತು ಪಕ್ಷಗಳ ಬಾಯಲ್ಲಿ ಅಪರೂಪವಾಗಿ ಕಾರ್ಯಕರ್ತ ಬಂದ. ಆಮೇಲೆ ಅವನ ಬೈಕಿನ ಪೆಟ್ರೋಲಿನ ಚೀಟಿ ಬಂತು.

ಜನ ಕೆಟ್ಟರು ಎಂದು ಇದಕ್ಕೆ ಷರಾ ಬರೆಯಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಅಕ್ಕಿಆಲೂರಿಗೆ ರಕ್ತದಾನಿಗಳ ಊರೆಂಬ ಹೆಸರಿದೆ. ಯಾರದೋ ಫೋನು ಬಂದರೆ ನಡುರಾತ್ರಿಯಲ್ಲೂ ಹುಡುಗರು ಹೊರಡುತ್ತಾರೆ, ಬಸ್ಸಿನ ದುಡ್ಡನ್ನೂ ಕೇಳುವುದಿಲ್ಲ. ಕೊಡುವ ಮನಸ್ಸು ಎಲ್ಲಿಗೂ ಹೋಗಿಲ್ಲ. ಅದನ್ನು ಬಂದು ಕೇಳುವ ಪಕ್ಷ ಇಲ್ಲ.

ಇದನ್ನು ನಾನು ಕಡತದಿಂದ ಕಲಿತದ್ದಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಸಹಪಾಠಿಯೊಬ್ಬಳು ನಿಂತಿದ್ದಳು. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಪಕ್ಷಗಳು ಇರುತ್ತವೆ. ಅವಳಿಗೆ ಯಾವುದೂ ಇರಲಿಲ್ಲ. ನಾವು ಆರು ಜನ ಒಂದು ಪಾವತಿ ಪುಸ್ತಕ ಅಚ್ಚು ಹಾಕಿಸಿ ಮನೆಮನೆಗೆ ಹೋದೆವು. ನಾಲ್ಕನೆಯ ಮನೆಯಲ್ಲಿ ಒಬ್ಬರು ನಕ್ಕು, "ಎಲ್ಲಾರೂ ಕೊಡಾಕ ಬರ್ತಾರ, ನೀವ ಇಸಗೊಳ್ಳಾಕ ಬಂದೀರಿ" ಎಂದರು. ನನ್ನ ಮುಖ ಬಿಸಿಯಾಯಿತು. ನೂರು ವರ್ಷದ ಇತಿಹಾಸ ಓದಿದವಳಿಗೆ ಹತ್ತು ರೂಪಾಯಿ ಕೇಳಲು ನಾಲಿಗೆ ಏಳಲಿಲ್ಲ.

ಓಣಿಯ ಕೊನೆಯಲ್ಲಿ ಕೂಲಿ ಮಾಡುವ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು ಕೊಟ್ಟಳು. ರೂಢಿಯಂತೆ ಮನೆಯ ಯಜಮಾನರ ಹೆಸರು ಕೇಳಿದೆ.

"ಅವನ ಹೆಸರ ಯಾಕ? ರೊಕ್ಕ ನಂದು. ನನ್ನ ಹೆಸರ ಬರಿ."

ಬರೆದೆ. ಗೆಳತಿ ಸೋತಳು. ಸಂಗ್ರಹವಾದ ಹಣವೆಲ್ಲ ಕರಪತ್ರಕ್ಕೆ, ಚಹಾಕ್ಕೆ ಮುಗಿದಿತ್ತು. ಯುಗಾದಿಯ ಹೊತ್ತಿಗೆ ಸಂತೆಯಲ್ಲಿ ಅದೇ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಸೋತ್ರ ಸೋಲವಲ್ಲದ್ಯಾಕ. ನನ್ನ ಹತ್ತ ರೂಪಾಯಿ ಏನಾತು, ಹೇಳ" ಎಂದಳು. ಕಾಯಿಪಲ್ಲೆಯ ಸಾಲಿನ ನಡುವೆ ನಿಂತು ಲೆಕ್ಕ ಹೇಳಿದೆ. ಕರಪತ್ರಕ್ಕೆ ಇಷ್ಟು, ಚಹಾಕ್ಕೆ ಇಷ್ಟು. ಚಹಾದ ಖರ್ಚು ಜಾಸ್ತಿ ಆಯಿತು ಎಂದು ಆಕೆ ಬೈದಳು.

ಆ ಪುಸ್ತಕದ ಅಡಿಚೀಟಿಗಳು ಈಗ ಅಜ್ಜನ ಟ್ರಂಕಿನಲ್ಲಿ, ಹಸಿರು ಶಾಯಿಯ ಚೀಟಿಯ ಪಕ್ಕದಲ್ಲಿವೆ. ಅರ್ಧಕ್ಕಿಂತ ಹೆಚ್ಚು ಹಾಳೆಗಳು ಇನ್ನೂ ಖಾಲಿ ಇವೆ.