ಕಾಲೇಜು ಸೇರಿದ ಮಕ್ಕಳಿಗೆ ಜೀವನಾಂಶ: ಹದಿನೆಂಟರ ತೊಡಕು

ಹಾವೇರಿ: ತಂದೆ-ತಾಯಿ ಬೇರ್ಪಟ್ಟ ಮನೆಗಳಲ್ಲಿ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಏಳುವ ಪ್ರಶ್ನೆ ಒಂದೇ: ತಂದೆ ಕೊಡುತ್ತಿರುವ ಜೀವನಾಂಶ ಇನ್ನೆಷ್ಟು ದಿನ? ನಮ್ಮಲ್ಲಿ ಕಾಲೇಜು ಎಂಬುದು ಎಸ್ಸೆಸ್ಸೆಲ್ಸಿ ಮುಗಿದೊಡನೆ, ಹದಿನಾರರ ಆಸುಪಾಸಿನಲ್ಲಿ ಪಿಯುಸಿಯಿಂದಲೇ ಆರಂಭವಾಗುತ್ತದೆ. ಆ ಎರಡು ವರ್ಷಗಳು ಬಹುಮಟ್ಟಿಗೆ ಕಾನೂನಿನ ಆಸರೆಯಲ್ಲೇ ಕಳೆಯುತ್ತವೆ. ಇಕ್ಕಟ್ಟು ಆ ಬಳಿಕದ್ದು. ರಾಣೆಬೆನ್ನೂರಿನ ಹುಡುಗ ಎಂಜಿನಿಯರಿಂಗ್ ಓದಲು ದಾವಣಗೆರೆಗೋ ಹುಬ್ಬಳ್ಳಿಗೋ ಹೊರಟು, ಶುಲ್ಕ ಮತ್ತು ಹಾಸ್ಟೆಲ್ ವೆಚ್ಚ ಏರುವ ವರ್ಷವೇ ಆತನಿಗೆ 18 ತುಂಬುತ್ತದೆ.

ಈ ವಿಷಯದಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದುದು 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ ಈ ಕಲಂನಡಿ ಜೀವನಾಂಶ ದೊರೆಯುವುದು ಅಪ್ರಾಪ್ತ ಮಕ್ಕಳಿಗೆ. 18 ಮೀರಿದವರಿಗೆ ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ಸ್ವಂತವಾಗಿ ಬದುಕಲಾಗದಿದ್ದರೆ ಮಾತ್ರ. ‘ಇನ್ನೂ ಓದುತ್ತಿದ್ದಾನೆ’ ಎಂಬ ಕಾರಣವನ್ನು ಕಲಂ ಹೇಳುವುದಿಲ್ಲ.

ಹೆಣ್ಣುಮಕ್ಕಳ ಸ್ಥಿತಿ ಬೇರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ಸ್ವಂತ ಆದಾಯ, ಆಸ್ತಿಯಿಂದ ಬದುಕಲಾಗದ ಅವಿವಾಹಿತ ಮಗಳನ್ನು 18ರ ನಂತರವೂ ಪೋಷಿಸಬೇಕು. ಆ ಕಾಯ್ದೆ ‘ಜೀವನಾಂಶ’ದಲ್ಲಿ ಶಿಕ್ಷಣವನ್ನೂ ಸೇರಿಸಿದೆ. ಅಭಿಲಾಷಾ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಈ ಹಕ್ಕನ್ನು ಒಪ್ಪಿತು. ಆದರೆ ದಂಡಾಧಿಕಾರಿಯ ಮುಂದೆ 125ನೇ ಕಲಂ ಅರ್ಜಿ ಹಾಕಿ ಅದನ್ನು ಪಡೆಯಲಾಗದು, 20ನೇ ಕಲಂನಡಿಯೇ ಕೇಳಬೇಕು ಎಂದಿತು. ಮುಸ್ಲಿಂ ಹೆಣ್ಣುಮಕ್ಕಳಿಗೆ ಮದುವೆಯವರೆಗೂ ಜೀವನಾಂಶದ ಹಕ್ಕಿದೆ ಎಂದು ನೂರ್ ಸಬಾ ಖಾತೂನ್ ಪ್ರಕರಣದಲ್ಲಿ 1997ರಲ್ಲೇ ತೀರ್ಪು ಬಂದಿದೆ.

ಗಂಡುಮಕ್ಕಳಿಗೆ ಇಂಥ ನೇರ ದಾರಿಯಿಲ್ಲ. ಮಗನಿಗೆ 18 ತುಂಬಿದೊಡನೆ ತಂದೆಯ ಹೊಣೆ ಮುಗಿಯದು, ಭಾರವೆಲ್ಲ ತಾಯಿಯ ಮೇಲೇ ಬೀಳಬಾರದು ಎಂದು ದೆಹಲಿ ಹೈಕೋರ್ಟ್ 2021ರಲ್ಲಿ ಹೇಳಿ, ಮಗ ಪದವಿ ಮುಗಿಸುವ ಅಥವಾ ದುಡಿಯಲಾರಂಭಿಸುವವರೆಗೆ ತಾಯಿಗೆ ತಿಂಗಳಿಗೆ 15,000 ರೂ. ಮಧ್ಯಂತರ ಜೀವನಾಂಶ ನೀಡಿತು. ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕದು, ವಾದಕ್ಕೆ ಆಧಾರವಾದೀತು. ಅದಕ್ಕಿಂತ ಭದ್ರವಾದುದು ಪರಸ್ಪರ ಒಪ್ಪಿಗೆಯ ವಿಚ್ಛೇದನದ ವೇಳೆಯೇ ಪದವಿ ಮುಗಿಯುವವರೆಗಿನ ಶುಲ್ಕ, ಹಾಸ್ಟೆಲ್ ಖರ್ಚನ್ನು ರಾಜಿಪತ್ರದಲ್ಲಿ ಬರೆಸಿಕೊಳ್ಳುವುದು. ಮಗು ಚಿಕ್ಕದಿದ್ದಾಗ ಇದು ಯಾರಿಗೂ ಹೊಳೆಯುವುದಿಲ್ಲ.

ಪಿಯುಸಿಗೆ ಸೇರಿದಾಗ ಹಳೆಯ ಮೊತ್ತ ಸಾಲದಾದರೆ ಹೆಚ್ಚಳ ಕೋರಬಹುದು (ಹಿಂದಿನ 127, ಈಗಿನ 146ನೇ ಕಲಂ). ಶುಲ್ಕದ ರಸೀದಿ, ಬಸ್ ಪಾಸ್, ಪುಸ್ತಕದ ಬಿಲ್ಲು ಜೋಪಾನವಾಗಿರಲಿ. ಪತ್ನಿ ತಾನು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದಾದ್ದರಿಂದ, ಬ್ಯಾಡಗಿಯ ತವರಿನಲ್ಲಿರುವಾಕೆ ಪತಿಯಿರುವ ಬೆಂಗಳೂರಿಗೆ ಅಲೆಯಬೇಕಿಲ್ಲ. ಪತಿ ಮೆಣಸಿನಕಾಯಿ ವ್ಯಾಪಾರಿಯೋ ರೈತನೋ ಆಗಿದ್ದರೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ರಜನೀಶ್-ನೇಹಾ ಪ್ರಕರಣದ (2020) ಬಳಿಕ ಇಬ್ಬರೂ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಜೀವನಾಂಶ ಅರ್ಜಿಯ ದಿನದಿಂದಲೇ ಲೆಕ್ಕ.

ಬಾಕಿ ಹಣ ಮಗುವಿಗೆ 18 ತುಂಬಿದ ಮಾತ್ರಕ್ಕೆ ಮನ್ನಾ ಆಗದು. ಆದರೆ ವಾರಂಟ್ ಮೂಲಕ ವಸೂಲಿ ಮಾಡಿಸಲು, ಹಣ ಬಾಕಿಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವುಂಟು; ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಆದೀತು.