ಬೆಳಕಿನಲ್ಲಿ ಮೂಡುವ ಬೋರ್ಡು: ಅಕ್ಕಿಪೇಟೆಯ ಆಸುಪಾಸಿನ ಒಂದು ಕಸುಬಿನ ಹಿನ್ನೆಲೆ

ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳನ್ನು ಬೆಳಕಿನಿಂದ ಮೂಡಿಸುವ ಕ್ರಮ ಹುಟ್ಟಿದ್ದು ಅಚ್ಚಿನ ಮನೆಯಲ್ಲಿ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಬೆಂಗಳೂರು ಪೇಟೆಯಲ್ಲಿ ಈ ನಂಟನ್ನು ಇಂದಿಗೂ ಕಾಣಬಹುದು. ಧಾನ್ಯದ ಹೆಸರು ಹೊತ್ತ ಅಕ್ಕಿಪೇಟೆಯ ಮಗ್ಗುಲಲ್ಲೇ ಕಾಗದ, ಲಗ್ನಪತ್ರಿಕೆ, ಮುದ್ರಣಗಳ ಸುಲ್ತಾನಪೇಟೆ ಇದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಎಸ್.ಪಿ. ರಸ್ತೆ. ಮನೆಯಲ್ಲಿ ಬೋರ್ಡು ಮಾಡುವವರಿಗೆ ಬೇಕಾದ ಎರಡೂ ಕಸುಬುಗಳು ಹೀಗೆ ಅಕ್ಕಪಕ್ಕದಲ್ಲೇ ನೆಲೆಗೊಂಡವು.

ಬೆಳಕು ಬಿದ್ದಾಗ ಗುಣ ಬದಲಿಸುವ ಲೇಪ ಈ ವಿದ್ಯೆಯ ಬುನಾದಿ. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಲೋಹದ ತಗಡಿಗೆ ಒಂದು ಬಗೆಯ ಡಾಂಬರು ಬಳಿದು ಬಿಸಿಲಿಗಿಟ್ಟ. ಬಿಸಿಲು ತಾಗಿದ ಭಾಗ ಗಟ್ಟಿಯಾಯಿತು, ಉಳಿದದ್ದು ಎಣ್ಣೆಯಲ್ಲಿ ಕರಗಿಹೋಯಿತು. ಬೈಕ್ರೋಮೇಟ್ ಲವಣಕ್ಕೂ ಬೆಳಕು ನಾಟುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಮುಂಗೊ ಪಾಂಟನ್ 1839ರಲ್ಲಿ ತಿಳಿಸಿದ. ಅದನ್ನು ಜೆಲಟಿನ್ ಜೊತೆ ಬೆರೆಸಿ ಅಚ್ಚಿಗೆ ಒಗ್ಗಿಸಿದ ಕೀರ್ತಿ 1855ರಲ್ಲಿ ಅಲ್ಫೋನ್ಸ್ ಪೊಯ್ಟೆವಿನ್‌ಗೆ ಸಂದಿತು. ಚಿತ್ರದ ಬ್ಲಾಕು, ಆಫ್‌ಸೆಟ್ ಪ್ಲೇಟು, ಸ್ಕ್ರೀನ್ ಪ್ರಿಂಟಿಂಗ್ ಎಲ್ಲವೂ ಈ ತತ್ವವನ್ನೇ ನೆಚ್ಚಿಕೊಂಡವು.

ಅಚ್ಚಿನಿಂದ ಎಲೆಕ್ಟ್ರಾನಿಕ್ಸ್‌ಗೆ ಸೇತುವೆ ಕಟ್ಟಿದವನು ಪಾಲ್ ಐಸ್ಲರ್. ವಿಯೆನ್ನಾದಲ್ಲಿ ಮುದ್ರಣದ ಕೆಲಸ ಅರಿತಿದ್ದ ಈ ಎಂಜಿನಿಯರ್ 1936ರ ಹೊತ್ತಿಗೆ ಲಂಡನ್ನಿನಲ್ಲಿ, ತಂತಿ ಬೆಸೆಯುವ ಬದಲು ತಾಮ್ರದ ಹಾಳೆಯನ್ನು ಕೊರೆದು ರೇಡಿಯೊ ಸರ್ಕ್ಯೂಟು ರಚಿಸಿದ. 1950ರ ದಶಕದಲ್ಲಿ ಕೊಡಾಕ್ ಕಂಪನಿಯ ಫೋಟೊರೆಸಿಸ್ಟ್, ಅಂದರೆ ಬೆಳಕಿಗೆ ಸ್ಪಂದಿಸುವ ಲೇಪ, ಬಂದಿತು. 1968ರಲ್ಲಿ ಡ್ಯುಪಾಂಟ್ ಕಂಪನಿ ಹಾಳೆಯ ರೂಪದ ಡ್ರೈ ಫಿಲ್ಮ್ ತಂದಿತು.

ಅದೇ ಕಾಲದಲ್ಲಿ ಬೆಂಗಳೂರು ಎಲೆಕ್ಟ್ರಾನಿಕ್ಸ್ ನಗರವಾಗುತ್ತಿತ್ತು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ), 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಆರಂಭವಾದವು. 1969ರಲ್ಲಿ ದೆಹಲಿಯಿಂದ ಹೊರಟ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ ಬೋರ್ಡಿನ ನಕ್ಷೆಗಳನ್ನು ನಿಜ ಅಳತೆಯಲ್ಲೇ ಅಚ್ಚು ಹಾಕಿ ಹವ್ಯಾಸಿಗಳ ಕೈಗಿತ್ತಿತು.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಚೌಕಟ್ಟಿಗೆ ಬಿಗಿದ ಬಟ್ಟೆಗೆ ಎಮಲ್ಷನ್ ಬಳಿದು, ಕತ್ತಲಲ್ಲಿ ಒಣಗಿಸಿ, ಮೇಲೆ ನಕ್ಷೆ ಮೂಡಿಸಿದ ಪಾರದರ್ಶಕ ಫಿಲ್ಮ್ ಇಟ್ಟು ‘ಎಕ್ಸ್‌ಪೋಸ್’ ಮಾಡುತ್ತಾರೆ, ಅಂದರೆ ಬೆಳಕಿಗೆ ಒಡ್ಡುತ್ತಾರೆ. ಬೆಳಕು ಕಂಡ ಭಾಗ ಗಟ್ಟಿಯಾಗುತ್ತದೆ; ಫಿಲ್ಮಿನ ಕಪ್ಪು ಮರೆಮಾಡಿದ ಭಾಗ ನೀರಿನಲ್ಲಿ ತೊಳೆದುಹೋಗುತ್ತದೆ. ಲಗ್ನಪತ್ರಿಕೆಗೆ ಶಾಯಿ ಇಳಿಸುವ ಅದೇ ಸ್ಕ್ರೀನಿನಿಂದ ತಾಮ್ರದ ಬೋರ್ಡಿಗೆ ಆಮ್ಲ ತಡೆಯುವ ಶಾಯಿಯನ್ನೂ ಇಳಿಸಬಹುದು. ಒಂದೇ ನಮೂನೆಯ ಹತ್ತಾರು ಬೋರ್ಡು ಬೇಕಾದಾಗ ಇದು ಸುಲಭ. ಒಂದೆರಡು ಬೋರ್ಡು ಸಾಕೆನ್ನುವವರು ಲೇಪವನ್ನು ನೇರವಾಗಿ ತಾಮ್ರದ ಮೇಲೆಯೇ ಕೂರಿಸುತ್ತಾರೆ. ಪಾಸಿಟಿವ್ ಲೇಪದಲ್ಲಿ ಬೆಳಕು ಬಿದ್ದ ಭಾಗ ಕಾಸ್ಟಿಕ್ ಸೋಡಾದ ತೆಳು ದ್ರಾವಣಕ್ಕೆ ಕರಗುತ್ತದೆ. ನೆಗೆಟಿವ್ ಬಗೆಯ ಡ್ರೈ ಫಿಲ್ಮಿನಲ್ಲಿ ಬೆಳಕು ಬೀಳದ ಭಾಗ ವಾಷಿಂಗ್ ಸೋಡಾಕ್ಕೆ ಕರಗುತ್ತದೆ. ಬಳಿಕ ಫೆರಿಕ್ ಕ್ಲೋರೈಡ್ ಬರಿದಾದ ತಾಮ್ರವನ್ನು ತಿಂದು, ಲೇಪದಡಿಯ ಗೆರೆಗಳನ್ನು ಉಳಿಸುತ್ತದೆ.

ಈ ಲೇಪಗಳು ಹೆಚ್ಚಾಗಿ ಸ್ಪಂದಿಸುವುದು 350ರಿಂದ 405 ನ್ಯಾನೊಮೀಟರ್ ಆಸುಪಾಸಿನ ಬೆಳಕಿಗೆ. ಬಿಸಿಲಿನಲ್ಲಿ ಅದು ಧಾರಾಳವಾಗಿದ್ದರೂ ಮೋಡ ಮುಸುಕಿದರೆ ಸಮಯದ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ಶಿವನಸಮುದ್ರದ ವಿದ್ಯುತ್ ಬಂದಿತು. ವಿದ್ಯುತ್ ದೀಪ ಒದಗಿದ ಕಡೆಗಳಲ್ಲಿ ಮುದ್ರಕರಿಗೆ ಹವೆಯ ಹಂಗು ತಪ್ಪಿತು. ಇಂಗಾಲದ ಆರ್ಕ್ ದೀಪ ಪ್ರಖರವಾಗಿತ್ತಾದರೂ ಹೊಗೆ ಉಗುಳುತ್ತಿತ್ತು. ನಂತರದ ಪಾದರಸ ದೀಪದ ಬೆಳಕಿನಲ್ಲಿ 365 ನ್ಯಾನೊಮೀಟರಿನ ಪ್ರಬಲ ರೇಖೆಯಿದೆ. ಹವ್ಯಾಸಿಗಳಿಗೆ ಒಗ್ಗಿದ್ದು ಅತಿನೇರಳೆ ಸೂಸುವ ಸಣ್ಣ ಟ್ಯೂಬ್‌ಲೈಟು: ಪೆಟ್ಟಿಗೆಯೊಳಗೆ ಸಾಲಾಗಿ ಟ್ಯೂಬುಗಳು, ಮೇಲೆ ಗಾಜು, ಗಾಜಿನ ಮೇಲೆ ಫಿಲ್ಮ್, ಅದಕ್ಕೆ ಮುಖ ಮಾಡಿದ ಬೋರ್ಡು, ಒತ್ತಲು ಸ್ಪಂಜು. ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಈಗ ಎಲ್‌ಇಡಿಗಳೂ ಉಗುರು ಬಣ್ಣ ಒಣಗಿಸುವ ದೀಪಗಳೂ ಆ ಜಾಗಕ್ಕೆ ಬಂದಿವೆ. ಲೇಪ, ದೀಪದ ದೂರ, ಗಾಜಿನ ದಪ್ಪ ಬದಲಾದಂತೆ ಸಮಯವೂ ಬದಲಾಗುವುದರಿಂದ ಮೊದಲು ಬೋರ್ಡಿನ ತುಣುಕೊಂದರ ಮೇಲೆ ಪರೀಕ್ಷಿಸುವುದು ರೂಢಿ.

ನೀರು ಶುದ್ಧೀಕರಿಸುವ ಯಂತ್ರದ ಅತಿನೇರಳೆ ಟ್ಯೂಬು ಈ ಕೆಲಸಕ್ಕೆ ಸಲ್ಲದು. ಅದರ 254 ನ್ಯಾನೊಮೀಟರ್ ಕಿರಣವನ್ನು ಮಾಮೂಲಿ ಗಾಜು ತಡೆಯುತ್ತದೆ. ಗಾಜಿಲ್ಲದಿದ್ದರೆ ಅದು ಕಣ್ಣು, ಚರ್ಮಗಳನ್ನು ಸುಡುತ್ತದೆ. ಬೈಕ್ರೋಮೇಟ್ ಕ್ಯಾನ್ಸರ್‌ಕಾರಕ. ತಾಮ್ರ ಬೆರೆತ ಫೆರಿಕ್ ಕ್ಲೋರೈಡನ್ನು ಮೋರಿಗೆ ಸುರಿಯಬಾರದು.

ಫೈಲು ಕಳಿಸಿದರೆ ಕಾರ್ಖಾನೆಗಳು ಕಡಿಮೆ ಖರ್ಚಿನಲ್ಲಿ ಬೋರ್ಡು ಮಾಡಿಕೊಡುವ ಈ ಕಾಲದಲ್ಲಿ ಮನೆಯ ಪೆಟ್ಟಿಗೆಗಳ ಅಗತ್ಯ ಕುಗ್ಗಿದೆ. ಆದರೂ ಬೆಳಗ್ಗೆ ಬಿಡಿಸಿದ ನಕ್ಷೆ ಸಂಜೆಗೆ ಬೋರ್ಡಾಗಬೇಕಾದರೆ ಈ ದಾರಿಯೇ ಹತ್ತಿರದ್ದು. ದೊಡ್ಡ ಕಾರ್ಖಾನೆಗಳಲ್ಲೂ ತಾಮ್ರದ ಮೇಲೆ ನಕ್ಷೆ ಮೂಡುವುದು ಬಹುಪಾಲು ಇದೇ ತತ್ವದಿಂದ. ಕಲಿಯುವವರು ಅದನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡುವುದು ಒಳ್ಳೆಯದು.