ಐದು ಕೀಲಿ, ಐದು ಸಂಕೇತ

ಶಿವಮೊಗ್ಗದ ಡಿಟಿಪಿ ಅಂಗಡಿಯಲ್ಲಿ ನನಗೆ ಮೊದಲು ಕಲಿಸಿದ್ದು ಎಫ್ ಕೀಲಿಯನ್ನು. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ ಕ್ಕ. ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಜೊತೆಯಲ್ಲಿ ಶಿಫ್ಟ್. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂರುವಂತೆ ಮಾಡಿದವರು ಕೆ.ಪಿ. ರಾವ್. ಸರ್ಕಾರ ಈ ವಿನ್ಯಾಸವನ್ನೇ ಶಿಷ್ಟವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದೊಡನೆ ಅದು ಕಚೇರಿಗಳಿಗೂ ಮುದ್ರಣಾಲಯಗಳಿಗೂ ಹರಡಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲೇ ಬಂದಿತ್ತು. ಮನೆಯಲ್ಲಿ ಕುಳಿತು ಪತ್ರ, ಕತೆ ಬರೆಯುವವರು, ಹೊರದೇಶದ ಕನ್ನಡಿಗರು ಅದನ್ನು ನೆಚ್ಚಿಕೊಂಡಿದ್ದರು.

ಮದುವೆಯ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಎಲ್ಲವನ್ನೂ ನುಡಿಯಲ್ಲಿ ಹೊಡೆದೆವು. ಪರದೆಯ ಮೇಲೆ ಅದು ಅಚ್ಚ ಕನ್ನಡ. ಯಂತ್ರದ ಒಳಗೆ ಮಾತ್ರ ಕನ್ನಡ ಇರಲೇ ಇಲ್ಲ. ಅಂದಿನ ಫಾಂಟುಗಳು ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದ್ದವು. ‘ಕನ್ನಡ’ ಎಂಬುದು ಏಳು ಚೂರು: ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಹೀಗೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುತ್ತಿದ್ದುದು ಆ ಚೂರುಗಳೇ. ಹುಡುಕಲು ಬಾರದು, ಸುಮ್ಮನೆ ಅಕಾರಾದಿಯಲ್ಲಿ ಜೋಡಿಸಲೂ ಬಾರದು.

ಇದಕ್ಕೆ ಪರಿಹಾರ, ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದ್ದೇ ಸಂಕೇತ ಕೊಡುವ ಯುನಿಕೋಡ್. ಅದು 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಅದು ನಮ್ಮ ಮೇಜಿಗೆ ಬಂದದ್ದು ವಿಂಡೋಸ್ ಎಕ್ಸ್‌ಪಿಯೊಂದಿಗೆ, ನಮ್ಮೂರಿನ ಹೊಳೆಯ ಹೆಸರು ಹೊತ್ತ ‘ತುಂಗಾ’ ಫಾಂಟಿನ ಜೊತೆಗೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ, ಕೇಳಿದಾಗ ಸಿಡಿ ತುರುಕಬೇಕಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಅಲ್ಲಿ ಬರೆಯಬೇಕೆಂದರೆ ಯುನಿಕೋಡೇ ಬೇಕು.

ತೊಡಕು ಎದುರಾದದ್ದು ಇಲ್ಲಿ. ವಿಂಡೋಸ್ ಕೊಟ್ಟದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ನಮ್ಮ ಬೆರಳಿಗೆ ಗೊತ್ತಿದ್ದ ಅಕ್ಷರಗಳಲ್ಲಿ ಹೆಚ್ಚಿನವು ಅದರಲ್ಲಿ ಗೊತ್ತಿದ್ದ ಜಾಗದಲ್ಲಿರಲಿಲ್ಲ. ವರ್ಷಗಟ್ಟಲೆ ವೇಗವಾಗಿ ಹೊಡೆದವರು ಒಂದೊಂದೇ ಅಕ್ಷರ ಹುಡುಕುವಂತಾಯಿತು. ಹಳೆಯ ಲೇಖನ ಅಂಟಿಸಿದರೆ ಪೌಂಡಿನ ಗುರುತುಗಳ ಸಾಲು. ‘ರ‍್ಯಾಂಕ್’ ಬರೆಯಹೊರಟರೆ ರಕಾರ ಹಾರಿ ಅರ್ಕಾವೊತ್ತಾಗಿ ಕೂರುತ್ತಿತ್ತು. ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸೇರಿಸಬೇಕೆಂದು ಬಲ್ಲವರು ಒಬ್ಬರಿಗೊಬ್ಬರು ಹೇಳಿಕೊಟ್ಟರು.

ನಮ್ಮನ್ನು ಪಾರು ಮಾಡಿದ್ದು ಎರಡು ಸಲಕರಣೆ. ಒಂದು, ಹಳೆಯ ಕಡತವನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕ. ಇನ್ನೊಂದು, ಕೆ.ಪಿ. ರಾವ್ ವಿನ್ಯಾಸದಲ್ಲೇ ಒತ್ತಿ ಯುನಿಕೋಡ್ ಪಡೆಯುವ ಸೌಲಭ್ಯ. ಇದು ಬಂದಾಗ ನನಗೆ ಬೆರಗಾಯಿತು. ‘ಕನ್ನಡ’ಕ್ಕೆ ನಾವು ಒತ್ತುತ್ತಿದ್ದುದು ಐದೇ ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಯುನಿಕೋಡಿನಲ್ಲೂ ಐದೇ ಸಂಕೇತ, ಅದೇ ಕ್ರಮದಲ್ಲಿ: ಕ, ನ, ಹಲಂತ, ನ, ಡ. ರಾವ್ ಅವರು ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರದ ಕ್ರಮವನ್ನು ಹಿಡಿದಿದ್ದರು. ಅದಕ್ಕೇ ಒಳಗಿನ ಸಂಕೇತ ಪೂರ್ತಿ ಬದಲಾದರೂ ಅವರ ಕೀಲಿಮಣೆ ಹಳತಾಗಲಿಲ್ಲ.

ಮುದ್ರಣಾಲಯದ ಕತೆ ನಿಧಾನದ್ದು. ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯದು. ಹೀಗಾಗಿ ಅಚ್ಚಿಗೊಂದು ಕನ್ನಡ, ಜಾಲಕ್ಕೊಂದು ಕನ್ನಡ ಎಂದು ಎರಡು ಕಡತ ಇಟ್ಟುಕೊಳ್ಳಬೇಕಾಯಿತು.

ತಂತ್ರಾಂಶ ಬದಲಿಸುವವರಿಗೆ ಈ ಚರಿತ್ರೆ ಎರಡು ಹೊಣೆ ಹೊರಿಸುತ್ತದೆ. ಜನರ ಕೈಗೆ ಬಂದ ಅಭ್ಯಾಸವನ್ನು ಕಾಯಬೇಕು. ಅವರು ಬರೆದಿಟ್ಟದ್ದನ್ನು ಹೊಸ ಕಡೆಗೆ ದಾಟಿಸಬೇಕು. ಮೊದಲನೆಯದನ್ನು ಕನ್ನಡ ಮಾಡಿ ತೋರಿಸಿದೆ. ಎರಡನೆಯದು ಇನ್ನೂ ಬಾಕಿ. ಸ್ಮರಣ ಸಂಚಿಕೆಗಳು, ಸಂಘಗಳ ವರದಿಗಳು, ಊರ ಇತಿಹಾಸದ ಪುಸ್ತಕಗಳು ಇವತ್ತಿಗೂ ಹಳೆಯ ಫಾಂಟಿನ ಕಡತಗಳಾಗಿ ಸಿಡಿಗಳಲ್ಲಿವೆ, ಹುಡುಕುವವರಿಗೆ ಸಿಗದೆ. ನಿಮ್ಮಲ್ಲೊಂದು ಅಂಥ ಸಿಡಿ ಇದ್ದರೆ ಈ ವಾರವೇ ತೆರೆಯಿರಿ, ಪರಿವರ್ತಿಸಿರಿ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ತಿದ್ದಿರಿ. ಸಿಡಿ ಓದುವ ಯಂತ್ರಗಳೂ ಕಡಿಮೆಯಾಗುತ್ತಿವೆ.